ಕಥೆ ಹೇಳುವವರನ್ನೇ ಅನುಮಾನಿಸಿ: ಸೈಕಲಾಜಿಕಲ್ ಥ್ರಿಲ್ಲರ್ ಓದುವ, ನೋಡುವ ಬಗೆ

ಸೈಕಲಾಜಿಕಲ್ ಥ್ರಿಲ್ಲರ್ ಅಂದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ: ಕೊನೆಯಲ್ಲಿ ಟ್ವಿಸ್ಟ್ ಇದೆಯಾ? ಇದೆ ಅಂದರೆ ನೋಡುತ್ತಾರೆ. ನೋಡಿದ ಮೇಲೆ "ನಾನು ಇಂಟರ್ವಲ್‌ಗೇ ಊಹಿಸಿದ್ದೆ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಊಹೆ ಸರಿಯಾಯಿತು, ಸರಿ. ಆದರೆ ಅಷ್ಟು ಹೊತ್ತು ತೆರೆಯ ಮೇಲೆ ನಡೆದದ್ದು ಏನು? ಒಬ್ಬ ಮನುಷ್ಯನ ತಲೆಯೊಳಗೆ ನಮ್ಮನ್ನು ಕೂರಿಸಿ, ಅವನು ಕಂಡದ್ದನ್ನೇ ನಾವು ನಂಬುವ ಹಾಗೆ ಮಾಡಿದ್ದಾರೆ. ಅದನ್ನು ಹೇಗೆ ಮಾಡಿದರು ಅಂತ ಹಿಡಿಯುವುದರಲ್ಲಿ ಟ್ವಿಸ್ಟಿಗಿಂತ ಜಾಸ್ತಿ ಮಜಾ ಇದೆ. ಅದಕ್ಕೆ ಓದುವ, ನೋಡುವ ರೀತಿಯನ್ನು ಸ್ವಲ್ಪ ಬದಲಿಸಿಕೊಂಡರೆ ಸಾಕು.

ಒಂದು ಎಚ್ಚರಿಕೆ. ಮುಂದೆ 'ಆಪ್ತಮಿತ್ರ', 'ಸೈಕೋ', 'ವರ್ಟಿಗೋ', 'ರೆಬೆಕ್ಕಾ', 'ಶರಪಂಜರ' ಮತ್ತು ಪೆಟ್ರೀಷಿಯಾ ಹೈಸ್ಮಿತ್ ಅವರ ಎರಡು ಕಾದಂಬರಿಗಳ ಗುಟ್ಟು ಬಯಲಾಗುತ್ತದೆ. 'ಲೂಸಿಯಾ', 'ಗಾನ್ ಗರ್ಲ್' ಮುಂತಾದವುಗಳ ಗುಟ್ಟನ್ನು ಹಾಗೆಯೇ ಬಿಟ್ಟಿದ್ದೇನೆ.

1. ಇದು ಯಾವ ಬಗೆಯ ಕಥೆ ಅಂತ ಮೊದಲು ಗುರುತಿಸಿ

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಓದಿದವರಿಗೆ ಪತ್ತೇದಾರಿಯ ದಾರಿ ಗೊತ್ತು. ಅಪರಾಧ ಆಗುತ್ತದೆ, ಸುಳಿವು ಸಿಗುತ್ತದೆ, ಅಪರಾಧಿ ಸಿಕ್ಕಿಬೀಳುತ್ತಾನೆ. ಅಲ್ಲಿ ಓದುಗ ಪತ್ತೇದಾರನ ಪಕ್ಕದಲ್ಲಿ ಇರುತ್ತಾನೆ. ಸೈಕಲಾಜಿಕಲ್ ಥ್ರಿಲ್ಲರ್‌ನಲ್ಲಿ ಪಕ್ಕದಲ್ಲಿರುವವರು ಯಾರು ಅಂತಲೇ ಗೊತ್ತಿರುವುದಿಲ್ಲ. ಕೊಲೆಗಾರನೇ ಇರಬಹುದು. ತನ್ನ ಕಣ್ಣನ್ನೇ ನಂಬಲಾಗದೆ ಒದ್ದಾಡುವ ಹೆಂಗಸಿರಬಹುದು.

ದಾಸ್ತೋವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' 1866ರದು. ಅದರಲ್ಲಿ ಕೊಲೆ ಮಾಡಿದವನು ಯಾರು ಅಂತ ಶುರುವಿನಲ್ಲೇ ಗೊತ್ತಾಗುತ್ತದೆ. ಆಮೇಲೆ ನೂರಾರು ಪುಟ ನಮ್ಮನ್ನು ಕೂರಿಸುವುದು ಅವನ ತಲೆಯೊಳಗಿನ ಗದ್ದಲ. ಆಗ ಈ ಹಣೆಪಟ್ಟಿ ಇರಲಿಲ್ಲ, ಆದರೆ ಈ ಬಗೆಯ ಕಥೆಗೆ ಬೇಕಾದ ಸಾಮಾನೆಲ್ಲ ಅಲ್ಲೇ ಇದೆ.

ಗುರುತಿಸಲು ಸುಲಭದ ದಾರಿ ಒಂದಿದೆ. ಸಿನಿಮಾ ಶುರುವಾಗಿ ಅರ್ಧ ಗಂಟೆ ಆದ ಮೇಲೆ, ಪುಸ್ತಕವಾದರೆ ನಲವತ್ತು-ಐವತ್ತು ಪುಟ ದಾಟಿದ ಮೇಲೆ, ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. "ಯಾರು ಕೊಂದದ್ದು?" ಅಂತಿದ್ದರೆ ಪತ್ತೇದಾರಿ. "ಈ ದೆವ್ವ ಹೇಗೆ ತೊಲಗುತ್ತದೆ?" ಅಂತಿದ್ದರೆ ಹಾರರ್. "ಇವಳು ಹೇಳುತ್ತಿರುವುದು ನಿಜವಾ?" ಅಂತಲೋ "ಇವನಿಗೆ ಹುಚ್ಚು ಹಿಡಿದಿದೆಯಾ, ಹಿಡಿಸುತ್ತಿದ್ದಾರಾ?" ಅಂತಲೋ ಬಂದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ 'ಗ್ಯಾಸ್ ಲೈಟ್' ನಾಟಕ ಪೂರ್ತಿ ನಿಂತಿರುವುದು ಈ ಕೊನೆಯ ಪ್ರಶ್ನೆಯ ಮೇಲೆ. ಮನೆಯ ದೀಪದ ಬೆಳಕು ಕುಗ್ಗುವುದು ಹೆಂಡತಿಗೆ ಕಾಣುತ್ತದೆ. ಅದೆಲ್ಲ ನಿನ್ನ ಭ್ರಮೆ ಅನ್ನುತ್ತಾನೆ ಗಂಡ.

2. ಪುಸ್ತಕ ಮೊದಲೋ, ಸಿನಿಮಾ ಮೊದಲೋ?

ಎಲ್ಲದಕ್ಕೂ ಪುಸ್ತಕವೇ ಮೊದಲು ಅನ್ನುವ ಹಟ ಬೇಡ. ಕಥೆಯನ್ನು "ನಾನು" ಅಂತ ಒಬ್ಬರು ಹೇಳುತ್ತಿದ್ದರೆ ಪುಸ್ತಕ ಮೊದಲು ಓದಿ. ಆ "ನಾನು" ಕೊಡುವ ಹತ್ತಿರವನ್ನು ಕ್ಯಾಮೆರಾ ಕೊಡುವುದು ಕಷ್ಟ. ಡಫ್ನಿ ಡ್ಯು ಮೊರಿಯೆ ಅವರ 'ರೆಬೆಕ್ಕಾ' (1938), ಗಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' (2012) ಈ ಸಾಲಿಗೆ ಸೇರುತ್ತವೆ. 'ಗಾನ್ ಗರ್ಲ್' ಸಿನಿಮಾಕ್ಕೆ ಚಿತ್ರಕಥೆ ಬರೆದವರೂ ಫ್ಲಿನ್ ಅವರೇ. ಹಾಗಿದ್ದೂ ಗಂಡನ ಮಾತು ಒಂದು ಅಧ್ಯಾಯ, ಹೆಂಡತಿಯ ಡೈರಿ ಒಂದು ಅಧ್ಯಾಯ ಅಂತ ಬರುವಾಗ ಕಾಗದದ ಮೇಲೆ ಆಗುವ ಜಗ್ಗಾಟವೇ ಬೇರೆ.

ಕಥೆಯ ಜೀವ ದೃಶ್ಯದಲ್ಲಿ, ಶಬ್ದದಲ್ಲಿ, ಎಡಿಟಿಂಗ್‌ನಲ್ಲಿ ಇದ್ದರೆ ಸಿನಿಮಾ ಮೊದಲು. ಕ್ರಿಸ್ಟೋಫರ್ ನೋಲನ್ ಅವರ 'ಮೆಮೆಂಟೋ' (2000) ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನಾಯಕನಿಗೆ ಹೊಸ ನೆನಪು ನಿಲ್ಲುವುದಿಲ್ಲ. ಬಣ್ಣದ ದೃಶ್ಯಗಳು ಹಿಂದಕ್ಕೆ ಓಡುತ್ತವೆ, ಕಪ್ಪು-ಬಿಳುಪಿನವು ಮುಂದಕ್ಕೆ. ಹಾಗಾಗಿ ಈಗಷ್ಟೇ ಏನಾಯಿತು ಅನ್ನುವುದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 2005ರ ತಮಿಳು 'ಗಜಿನಿ' ಇದೇ ಮರೆವನ್ನು, ಇದೇ ಮೈಮೇಲಿನ ಹಚ್ಚೆಯನ್ನು ಇಟ್ಟುಕೊಂಡಿತು, ಆದರೆ ಹಿಂದುಮುಂದಾಗುವ ಆ ರಚನೆಯನ್ನು ಬಿಟ್ಟಿತು. ಎರಡನ್ನೂ ನೋಡಿದರೆ ಆ ರಚನೆ ತೆಗೆದಾಗ ಏನು ಉಳಿಯುತ್ತದೆ ಅಂತ ಕಾಣುತ್ತದೆ: ಪ್ರೇಮಕಥೆ, ಸೇಡು. ಅದೂ ಒಂದು ಸಿನಿಮಾವೇ, ಆದರೆ ಬೇರೆ ಸಿನಿಮಾ.

ಇನ್ನು ಕೂತು ನೋಡುವ ವಿಷಯ. ಇಂಥವನ್ನು ಮೂರು ದಿನಕ್ಕೆ ಹಂಚಿಕೊಂಡು ನೋಡಬೇಡಿ. ಫೋನು ಪಕ್ಕದ ಕೋಣೆಯಲ್ಲಿರಲಿ. 1960ರಲ್ಲಿ 'ಸೈಕೋ' ಬಿಡುಗಡೆಯಾದಾಗ ಅದರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಥಿಯೇಟರ್‌ಗಳಿಗೆ ಕಟ್ಟುನಿಟ್ಟು ಮಾಡಿದ್ದರು. ಪೋಸ್ಟರ್ ಮೇಲಿನ ನಾಯಕಿ ಅರ್ಧಕ್ಕೂ ಮೊದಲೇ ಸಾಯುತ್ತಾಳೆ. ತಡವಾಗಿ ಬಂದವರು ಅವಳು ಯಾವಾಗ ಬರುತ್ತಾಳೆ ಅಂತ ಕಾಯುತ್ತಲೇ ಇರಬೇಕಾಗುತ್ತಿತ್ತು!

3. ಓದುವಾಗ ಪೆನ್ಸಿಲ್ ಹಿಡಿಯಿರಿ

ಈ ಹೆಜ್ಜೆಗೆ ಹೊತ್ತು ಕೊಡಿ. ಮಿಕ್ಕದ್ದೆಲ್ಲ ಇದರ ಮೇಲೆ ನಿಂತಿದೆ.

ಎಡ್ಗರ್ ಆಲನ್ ಪೋ 1843ರಲ್ಲಿ ಬರೆದ ಒಂದು ಪುಟ್ಟ ಕಥೆಯಲ್ಲಿ ನಿರೂಪಕ ಬಾಯಿ ತೆರೆಯುವುದೇ ತನಗೆ ಹುಚ್ಚಿಲ್ಲ ಅಂತ ಸಾಧಿಸಲು. ಯಾರೂ ಕೇಳದಿದ್ದರೂ ಒಬ್ಬ ತನ್ನ ಬುದ್ಧಿ ಸರಿಯಿದೆ ಅಂತ ಪದೇ ಪದೇ ಹೇಳಿದರೆ ನಮಗೆ ಏನನ್ನಿಸುತ್ತದೆ? ನೆರೆಮನೆಯವರ ಮಾತಿನಲ್ಲಿ ನಾವು ಇದನ್ನು ತಟ್ಟನೆ ಹಿಡಿಯುತ್ತೇವೆ. ಪುಸ್ತಕದಲ್ಲಿ ಮಾತ್ರ ಹೇಳಿದ್ದನ್ನೆಲ್ಲ ನಂಬುತ್ತೇವೆ, ಅಲ್ವಾ?

ಹಾಗಾಗಿ ಮೊದಲು ಗುರುತು ಹಾಕಬೇಕಾದದ್ದು ನಿರೂಪಕರು ಸುಮ್ನೆ ಹಾರಿಹೋಗುವ ಜಾಗಗಳನ್ನು. ಸಂಜೆಯವರೆಗೆ ಎಲ್ಲ ವಿವರ ಇದೆ, ರಾತ್ರಿಯದು ಇಲ್ಲ. ತಾಯಿಯ ಮಾತು ಬಂದಾಗಲೆಲ್ಲ ವಿಷಯ ಬದಲಾಗುತ್ತದೆ. ಅಂಚಿನಲ್ಲಿ ಒಂದು ಸೊನ್ನೆ ಹಾಕಿ ಮುಂದೆ ಹೋಗಿ. ಎರಡನೆಯದು, ಉಳಿದ ಪಾತ್ರಗಳು ಇವರ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದು. ನಿರೂಪಕಿ ತಾನು ತುಂಬ ಸಮಾಧಾನದ ಹೆಂಗಸು ಅನ್ನುತ್ತಾಳೆ, ಆದರೆ ಮನೆಗೆ ಬಂದವರು ಅವಳ ಹತ್ತಿರ ಮೆಲ್ಲಗೆ, ಹೆದರಿದವರ ಹಾಗೆ ಮಾತಾಡುತ್ತಾರೆ. ಇಂಥ ಜಾಗದಲ್ಲಿ ಲೇಖಕರು ನಿರೂಪಕರ ಬೆನ್ನ ಹಿಂದಿನಿಂದ ನಮಗೆ ಕೈಸನ್ನೆ ಮಾಡುತ್ತಿರುತ್ತಾರೆ.

ಡೈರಿ, ಪತ್ರ, ಪೊಲೀಸ್ ಹೇಳಿಕೆ ಬಂದರೆ ಇದನ್ನು ಯಾರು ಓದಲಿ ಅಂತ ಬರೆದದ್ದು ಅಂತ ಕೇಳಿಕೊಳ್ಳಿ. ಕುಡಿತ, ನಿದ್ದೆ ಮಾತ್ರೆ, ನಿದ್ದೆಗೇಡು ಬಂದರೆ ಅವರ ನೆನಪಿನಲ್ಲಿ ತೂತಿದೆ ಅಂತ ಲೆಕ್ಕ. ಪೌಲಾ ಹಾಕಿನ್ಸ್ ಅವರ 'ದಿ ಗರ್ಲ್ ಆನ್ ದಿ ಟ್ರೇನ್' (2015) ಕಾದಂಬರಿಯಲ್ಲಿ ನಾಯಕಿ ಕುಡಿದ ರಾತ್ರಿಯ ನೆನಪನ್ನೇ ಕಳೆದುಕೊಂಡಿರುತ್ತಾಳೆ. ಆ ತೂತನ್ನು ಯಾರು ಯಾವುದರಿಂದ ತುಂಬುತ್ತಾರೆ ಅನ್ನುವುದೇ ಅಲ್ಲಿಯ ಕಥೆ.

ಹಾಗಂತ ಪ್ರತಿ ಸಾಲಿನಲ್ಲೂ ಸುಳ್ಳು ಹುಡುಕುತ್ತ ಆಡಿಟ್‌ಗೆ ಬಂದ ಅಧಿಕಾರಿಯ ಹಾಗೆ ಓದಬೇಡಿ. ಒಮ್ಮೊಮ್ಮೆ ನಿರೂಪಕರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಅಷ್ಟೇ ಕಾಣುತ್ತದೆ. 'ರೆಬೆಕ್ಕಾ' ಕಾದಂಬರಿಯ ಎರಡನೇ ಹೆಂಡತಿಗೆ ಕೊನೆಯ ಪುಟದವರೆಗೂ ಹೆಸರೇ ಇಲ್ಲ. ಸತ್ತವಳ ಹೆಸರು ಮಾತ್ರ ರಟ್ಟಿನ ಮೇಲೆಯೇ ಇದೆ. ಆ ಹುಡುಗಿ ನಮಗೆ ಮೋಸ ಮಾಡುವುದಿಲ್ಲ. ಸತ್ತವಳ ಹೋಲಿಕೆಯಲ್ಲಿ ತಾನು ಏನೂ ಅಲ್ಲ ಅಂದುಕೊಂಡಿರುವುದರಿಂದ ಗಂಡನ ಪ್ರತಿ ಮೌನವನ್ನೂ ತಪ್ಪಾಗಿ ಓದುತ್ತಾಳೆ. ನಾವೂ ಅವಳ ಜೊತೆ ತಪ್ಪಾಗಿ ಓದುತ್ತೇವೆ.

ನನ್ನ ಪ್ರಕಾರ ಪೆನ್ಸಿಲ್ಲಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಯಾವ ಪುಟದಲ್ಲಿ ನೀವು ತಪ್ಪು ಮಾಡಿದವರ ಪರ ವಹಿಸಲು ಶುರು ಮಾಡಿದಿರಿ ಅಂತ ಗುರುತು ಹಾಕುವುದು. ಪೆಟ್ರೀಷಿಯಾ ಹೈಸ್ಮಿತ್ ಅವರ 'ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ' (1955) ಓದುವಾಗ ಇದನ್ನು ಮಾಡಿ ನೋಡಿ. ಅಲ್ಲಿ "ನಾನು" ಇಲ್ಲ, "ಅವನು" ಅಂತಲೇ ಕಥೆ ಸಾಗುತ್ತದೆ. ಆದರೂ ಬರವಣಿಗೆ ರಿಪ್ಲಿಗೆ ಎಷ್ಟು ಅಂಟಿಕೊಂಡಿದೆ ಅಂದರೆ, ಕೊಲೆ ಮಾಡಿದವನ ಬಾಗಿಲಿಗೆ ಪೊಲೀಸ್ ಬಂದಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಸಿಕ್ಕಿಬೀಳದಿರಲಿ ಅನ್ನಿಸುತ್ತದೆ. ಯಾಕೆ ಅನ್ನಿಸಿತು? ಆ ಪುಟಕ್ಕೆ ವಾಪಸ್ ಹೋಗಿ ಎರಡು ಪ್ಯಾರಾ ಮತ್ತೆ ಓದಿ.

4. ನೋಡುವಾಗ: ಕ್ಯಾಮೆರಾ ಯಾರ ಕಣ್ಣು?

ಸಿನಿಮಾದಲ್ಲಿ ಪೆನ್ಸಿಲ್ ಇಲ್ಲ. ಅದರ ಬದಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇದನ್ನು ಯಾರ ಕಣ್ಣಿಂದ ನೋಡುತ್ತಿದ್ದೇನೆ? 'ಸೈಕೋ' ಸಿನಿಮಾದಲ್ಲಿ ಮೋಟೆಲ್ ನಡೆಸುವ ನಾರ್ಮನ್ ಬೇಟ್ಸ್ ನಾಯಕಿಯ ಹೆಣವಿದ್ದ ಕಾರನ್ನು ಕೆಸರಿನ ಮಡುವಿಗೆ ತಳ್ಳುತ್ತಾನೆ. ಕಾರು ಮುಳುಗುತ್ತ ಮುಳುಗುತ್ತ ನಡುವೆ ನಿಂತುಬಿಡುತ್ತದೆ. ಆ ಒಂದು ಗಳಿಗೆ ನಾವೂ ಉಸಿರು ಬಿಗಿ ಹಿಡಿದು, ಮುಳುಗಲಿ ಅಂದುಕೊಳ್ಳುತ್ತೇವೆ. ಅಲ್ಲಿಯವರೆಗೆ ಸತ್ತವಳ ಜೊತೆ ಇದ್ದ ನಮ್ಮನ್ನು ಹಿಚ್‌ಕಾಕ್ ಒಂದೇ ಶಾಟಿನಲ್ಲಿ ಆ ಕಡೆಗೆ ಎತ್ತಿ ಇಟ್ಟಿರುತ್ತಾರೆ. ನಾಯಕಿ ಸಾಯುವ ಶವರ್ ದೃಶ್ಯದ ಮಾತು ಎಲ್ಲರೂ ಆಡುತ್ತಾರೆ. ನನಗೆ ಕೇಳಿದರೆ ಕಾರಿನ ದೃಶ್ಯವೇ ಹೆಚ್ಚು ಭಯಾನಕ.

ಸಸ್ಪೆನ್ಸ್ ಬಗ್ಗೆ ಹಿಚ್‌ಕಾಕ್ ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರುಫೋಗೆ ಹೇಳಿದ ವಿವರಣೆ ಈಗಲೂ ಕೆಲಸಕ್ಕೆ ಬರುತ್ತದೆ. ಮೇಜಿನ ಕೆಳಗೆ ಬಾಂಬ್ ಇದೆ. ಪ್ರೇಕ್ಷಕರಿಗೆ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ತೋರಿಸಿ, ಮೇಜಿನ ಸುತ್ತ ಕೂತವರು ಹರಟೆ ಹೊಡೆಯುತ್ತಿದ್ದರೆ ಹದಿನೈದು ನಿಮಿಷದ ಸಸ್ಪೆನ್ಸ್. ಸಿನಿಮಾ ನೋಡುತ್ತ ಆಗಾಗ ಲೆಕ್ಕ ಹಾಕಿ. ಪಾತ್ರಕ್ಕಿಂತ ನಿಮಗೆ ಜಾಸ್ತಿ ಗೊತ್ತಿದೆಯಾ, ಕಡಿಮೆ ಗೊತ್ತಿದೆಯಾ? ಈ ತಕ್ಕಡಿ ಎಲ್ಲಿ ವಾಲುತ್ತದೆಯೋ ಅಲ್ಲಿ ನಿರ್ದೇಶಕರ ಕೈ ಕಾಣುತ್ತದೆ.

ಬಣ್ಣದ ಮೇಲೂ ಒಂದು ಕಣ್ಣಿರಲಿ. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ 'ಲೂಸಿಯಾ' (2013) ಸಿನಿಮಾದಲ್ಲಿ ಎರಡು ಬದುಕಿವೆ. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನದು ಬಣ್ಣದಲ್ಲಿ, ಸ್ಟಾರ್ ನಟನದು ಕಪ್ಪು-ಬಿಳುಪಿನಲ್ಲಿ. ಸಾಮಾನ್ಯವಾಗಿ ಸಿನಿಮಾಗಳು ಕನಸಿಗೆ ಯಾವ ಬಣ್ಣ ಕೊಡುತ್ತವೆ ಅಂತ ಯೋಚಿಸುತ್ತ ನೋಡಿ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಶಬ್ದವನ್ನು ಪರೀಕ್ಷಿಸಲು ಒಂದು ಉಪಾಯ. ಹೆದರಿಕೆ ಹುಟ್ಟಿಸಿದ ಒಂದು ದೃಶ್ಯವನ್ನು ಮ್ಯೂಟ್ ಮಾಡಿ ಮತ್ತೆ ಹಾಕಿ. 'ಸೈಕೋ'ಗೆ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಸಂಗೀತ ಕೊಟ್ಟರು. ಅದನ್ನು ತೆಗೆದರೆ ಎಷ್ಟು ಭಯ ಉಳಿಯುತ್ತದೆ ಅಂತ ನಿಮಗೇ ತಿಳಿಯುತ್ತದೆ.

5. ಗುಟ್ಟು ಮೊದಲೇ ಗೊತ್ತಾಯಿತಾ? ಪರವಾಗಿಲ್ಲ

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಇಬ್ಬರು ಸಂಶೋಧಕರು ಕೆಲವು ಸಣ್ಣಕಥೆಗಳ ಅಂತ್ಯವನ್ನು ಮೊದಲೇ ಹೇಳಿ ಓದಿಸಿದರು. ಅಂತ್ಯ ಗೊತ್ತಿದ್ದವರೇ ಸರಾಸರಿಯಲ್ಲಿ ಕಥೆಯನ್ನು ಸ್ವಲ್ಪ ಹೆಚ್ಚು ಮೆಚ್ಚಿದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಇದನ್ನು ನಿಯಮ ಅನ್ನಲಾಗದು. ಆದರೂ ಗುಟ್ಟು ಗೊತ್ತಾದ ಕೂಡಲೇ ಎಲ್ಲ ಹಾಳಾಯಿತು ಅಂತ ಪುಸ್ತಕ ಎತ್ತಿಡಬೇಕಿಲ್ಲ.

'ವರ್ಟಿಗೋ' (1958) ಈ ಮಾತಿಗೆ ದೊಡ್ಡ ಸಾಕ್ಷಿ. ಬ್ವಾಲೋ ಮತ್ತು ನಾರ್ಸ್‌ಜಾಕ್ ಅನ್ನುವ ಫ್ರೆಂಚ್ ಜೋಡಿಯ ಕಾದಂಬರಿ ಅದಕ್ಕೆ ಮೂಲ. ಕಾದಂಬರಿ ಗುಟ್ಟನ್ನು ಕೊನೆಗೆ ಬಿಡುತ್ತದೆ. ಹಿಚ್‌ಕಾಕ್ ಸಿನಿಮಾ ಮುಗಿಯಲು ಸುಮಾರು ಅರ್ಧ ಗಂಟೆ ಇರುವಾಗಲೇ ಬಿಟ್ಟುಕೊಟ್ಟರು. ನಾಯಕನಿಗೆ ತನ್ನ ಸತ್ತ ಪ್ರೇಯಸಿಯ ಹಾಗೆ ಕಾಣುವ ಜೂಡಿ ಒಂದು ಪತ್ರ ಬರೆಯುತ್ತಾಳೆ, ತಾನೇ ಆ ಸತ್ತವಳ ವೇಷ ಹಾಕಿದ್ದು ಅಂತ ನಮಗೆ ತಿಳಿಯುತ್ತದೆ, ಪತ್ರವನ್ನು ಹರಿದು ಹಾಕುತ್ತಾಳೆ. ನಾಯಕನಿಗೆ ಗೊತ್ತಿಲ್ಲ. ಅಲ್ಲಿಂದ ಅವನು ಅವಳ ಕೂದಲು, ಸೀರೆ ಆರಿಸುವಷ್ಟು ಜೋಪಾನವಾಗಿ ಆರಿಸುವ ಸೂಟು, ಶೂ ಎಲ್ಲವನ್ನೂ ಸತ್ತವಳ ಹಾಗೆ ಬದಲಿಸುತ್ತ ಹೋಗುವುದನ್ನು ನಾವು ನೋಡಬೇಕು. ಗುಟ್ಟು ಕೊನೆಗೆ ಬಂದಿದ್ದರೆ ಒಂದು ಬೆಚ್ಚು ಸಿಗುತ್ತಿತ್ತು. ಈಗ ಅವಳ ಸಂಕಟ ಕಾಣುತ್ತದೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 2012ರಲ್ಲಿ ನಡೆಸಿದ ವಿಮರ್ಶಕರ ಮತದಾನದಲ್ಲಿ ಈ ಸಿನಿಮಾ ಮೊದಲ ಸ್ಥಾನಕ್ಕೆ ಬಂತು.

ಬೇರೆಯವರಿಗೆ ಮಾತ್ರ ಗುಟ್ಟು ಹೇಳಬೇಡಿ. "ಟ್ವಿಸ್ಟ್ ಇದೆ" ಅನ್ನುವುದೂ ಅರ್ಧ ಗುಟ್ಟು ಹೇಳಿದ ಹಾಗೆ. ಅದೇ ಫ್ರೆಂಚ್ ಜೋಡಿಯ ಇನ್ನೊಂದು ಕಾದಂಬರಿಯಿಂದ ಬಂದ 1955ರ ಸಿನಿಮಾ ಒಂದು ಅದರ ಕೊನೆಗೇ, ನೋಡಿದ್ದನ್ನು ಗೆಳೆಯರಿಗೆ ಹೇಳಬೇಡಿ ಅಂತ ತೆರೆಯ ಮೇಲೆ ಬರೆದು ಕೇಳಿಕೊಂಡಿತ್ತು.

6. ಎರಡನೇ ಸಲ ನೋಡಿ

'ಆಪ್ತಮಿತ್ರ' (2004) ನೋಡದ ಕನ್ನಡಿಗರು ಕಡಿಮೆ. ಮೂಲ ಮಲಯಾಳದ 'ಮಣಿಚಿತ್ರತಾಳ್' (1993), ನಿರ್ದೇಶನ ಫಾಜಿಲ್. ಕನ್ನಡಕ್ಕೆ ತಂದವರು ಪಿ. ವಾಸು. ಮೊದಲ ಸಲ ನೋಡುವಾಗ ನಮ್ಮ ಅನುಮಾನ ಪ್ರೇಮಾ ಅವರ ಪಾತ್ರದ ಮೇಲಿರುತ್ತದೆ, ಇಲ್ಲವೇ ನಾಗವಲ್ಲಿಯ ದೆವ್ವದ ಮೇಲೆ. ಈ ಸಲ ಗಂಗಾ ಪಾತ್ರ ಮಾಡಿರುವ ಸೌಂದರ್ಯ ಅವರನ್ನಷ್ಟೇ ನೋಡಿ. ಉಳಿದವರು ಮಾತಾಡುವಾಗಲೂ ಕಣ್ಣು ಅವರ ಮೇಲೇ ಇರಲಿ. ಬೀಗ ಹಾಕಿದ ಕೋಣೆಯ ಕಥೆ ಕೇಳಿದಾಗ ಬೇರೆಯವರ ಮುಖದಲ್ಲಿ ಹೆದರಿಕೆ, ಅವಳ ಮುಖದಲ್ಲಿ ಆಸೆ. ಹೊರಗೆ ಹೋಗಬೇಡ ಅಂತ ಗಂಡ ತಡೆದಾಗ ಅವಳು ಮಂಚ ಎತ್ತುವ ದೃಶ್ಯ ಎಲ್ಲರಿಗೂ ನೆನಪಿದೆ. ಅದಕ್ಕೂ ಎಷ್ಟು ಮುಂಚಿನಿಂದ ಆ ಕಡೆಗೆ ಮೆಟ್ಟಿಲು ಕಟ್ಟಿದ್ದಾರೆ ಅಂತ ಎರಡನೇ ಸಲವೇ ಕಾಣುವುದು.

ಕಥೆ ನ್ಯಾಯವಾಗಿ ಆಡಿತಾ, ಮೋಸ ಮಾಡಿತಾ ಅಂತ ತೀರ್ಮಾನಿಸುವುದೂ ಈಗಲೇ. ಗುಟ್ಟು ಗೊತ್ತಿಟ್ಟುಕೊಂಡು ನೋಡಿದಾಗ ಹಿಂದಿನ ದೃಶ್ಯಗಳು ಇನ್ನೂ ಗಟ್ಟಿಯಾಗಬೇಕು. ಸಡಿಲವಾದರೆ ಅಲ್ಲಿ ಮೋಸ ಇದೆ. 'ಆಪ್ತಮಿತ್ರ' ಬಹುಪಾಲು ಗಟ್ಟಿ. ಆದರೆ ಆ ದೊಡ್ಡ ಹಾವು ಯಾಕೆ ಬಂತು? ಮಲಯಾಳದಲ್ಲಿ ಅದಿಲ್ಲ. ಎಲ್ಲವೂ ಮನಸ್ಸಿನೊಳಗೆ ನಡೆದದ್ದು ಅಂತ ಡಾಕ್ಟರ್ ವಿವರಿಸಿದ ಮೇಲೂ, ದೆವ್ವ ಇರಬಹುದೇನೋ ಅನ್ನುವವರಿಗೆ ಒಂದು ಕಿಟಕಿ ತೆರೆದಿಟ್ಟ ಹಾಗಾಯಿತು. ವಿಷ್ಣುವರ್ಧನ್, ಸೌಂದರ್ಯ ಇಬ್ಬರೂ ಇಷ್ಟು ಚೆನ್ನಾಗಿ ಮಾಡಿರುವಾಗ ಹಾವಿನ ಸಹಾಯ ಬೇಕಿರಲಿಲ್ಲ.

7. ಪುಸ್ತಕ-ಸಿನಿಮಾ ಪಕ್ಕಪಕ್ಕ ಇಟ್ಟಾಗ

ಎರಡೂ ಆದ ಮೇಲೆ ಬದಲಾದ ಒಂದೇ ಒಂದು ವಿಷಯ ಹಿಡಿದು ಯಾಕೆ ಅಂತ ಕೇಳಿ. 'ರೆಬೆಕ್ಕಾ' ಕಾದಂಬರಿಯಲ್ಲಿ ಗಂಡನೇ ಮೊದಲ ಹೆಂಡತಿಯನ್ನು ಗುಂಡಿಟ್ಟು ಕೊಂದಿರುತ್ತಾನೆ. 1940ರ ಸಿನಿಮಾದಲ್ಲಿ ಅವಳು ಬಿದ್ದು ಸಾಯುತ್ತಾಳೆ. ಕೊಲೆ ಮಾಡಿದವನು ಶಿಕ್ಷೆಯಿಲ್ಲದೆ ತಪ್ಪಿಸಿಕೊಳ್ಳುವಂತಿಲ್ಲ ಅಂತ ಆಗಿನ ಹಾಲಿವುಡ್‌ನ ನೀತಿ ನಿಯಮ ಹೇಳುತ್ತಿತ್ತು. ಹೈಸ್ಮಿತ್ ಅವರ ಮೊದಲ ಕಾದಂಬರಿ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' (1950) ಕೂಡ ಹೀಗೇ. ರೈಲಿನಲ್ಲಿ ಸಿಕ್ಕ ಅಪರಿಚಿತ, ನಿನ್ನ ಶತ್ರುವನ್ನು ನಾನು ಕೊಲ್ಲುತ್ತೇನೆ, ನನ್ನವನನ್ನು ನೀನು ಕೊಲ್ಲು ಅನ್ನುತ್ತಾನೆ. ಕಾದಂಬರಿಯ ನಾಯಕ ಒತ್ತಡ ತಾಳಲಾರದೆ ಕೊನೆಗೆ ಕೊಂದೇ ಬಿಡುತ್ತಾನೆ. ಮರುವರ್ಷದ ಸಿನಿಮಾದಲ್ಲಿ ಕೊಲ್ಲುವುದಿಲ್ಲ. ಸಿನಿಮಾ ಚೆನ್ನಾಗಿಯೇ ಇದೆ, ಆದರೆ ಒಳ್ಳೆಯವನೂ ಕೊಲ್ಲಬಲ್ಲ ಅನ್ನುವ ಕಾದಂಬರಿಯ ಚಳಿ ಅದರಲ್ಲಿಲ್ಲ.

ಬದಲಾವಣೆಯಿಂದ ಲಾಭವಾದದ್ದೂ ಇದೆ. ರಾಬರ್ಟ್ ಬ್ಲಾಕ್ ಬರೆದ 'ಸೈಕೋ' (1959) ಕಾದಂಬರಿಯ ನಾರ್ಮನ್ ದಪ್ಪ ಮೈಯ ನಡುವಯಸ್ಸಿನವನು. ಹಿಚ್‌ಕಾಕ್ ಆ ಪಾತ್ರಕ್ಕೆ ತೆಳ್ಳಗಿನ, ನಾಚಿಕೆಯ ಮುಖದ ಆಂಟನಿ ಪರ್ಕಿನ್ಸ್ ಅವರನ್ನು ಹಾಕಿಕೊಂಡರು. ಮಡುವಿನ ದೃಶ್ಯದಲ್ಲಿ ನಾವು ಅವನ ಕಡೆ ಸರಿಯಲು ಆ ಮುಖವೇ ಅರ್ಧ ಕಾರಣ.

8. ಕಾಯಿಲೆಯನ್ನು ಖಳನಾಯಕ ಮಾಡಿದ್ದಾರಾ?

ಈ ಬಗೆಯ ಕಥೆಗಳ ಕೆಟ್ಟ ಚಾಳಿ ಒಂದಿದೆ. ಕೊನೆಯಲ್ಲಿ ಒಬ್ಬ ಡಾಕ್ಟರ್ ಬಂದು ಒಂದು ಕಾಯಿಲೆಯ ಹೆಸರು ಹೇಳಿದರೆ ಎಲ್ಲ ಕೊಲೆಗೂ ಲೆಕ್ಕ ಕೊಟ್ಟ ಹಾಗೆ. 'ಸೈಕೋ' ಕೊನೆಯ ವಿವರಣೆಯೂ ಅಂಥದ್ದೇ, ಆ ಸಿನಿಮಾದ ಅತಿ ಸಪ್ಪೆ ಭಾಗ. ಮಾನಸಿಕ ಕಾಯಿಲೆ ಇರುವ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ. ಕಥೆಯ ಗುಟ್ಟು ಕಾಯಿಲೆಯ ಹೆಸರಷ್ಟೇ ಆಗಿದ್ದರೆ ನಾನು ಅದಕ್ಕೆ ಅರ್ಧ ಅಂಕ ಕಡಿಮೆ ಕೊಡುತ್ತೇನೆ. ಪಾತ್ರದ ಆಸೆ, ಅವಮಾನ, ಹೊಟ್ಟೆಕಿಚ್ಚಿನಿಂದ ಕಥೆ ಬೆಳೆದಿದ್ದರೆ ಪೂರ್ತಿ ಅಂಕ.

ಇದಕ್ಕೆ ಮದ್ದಿನ ಹಾಗೆ 'ಶರಪಂಜರ' ನೋಡಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ನಟನೆ. ಅದು ಥ್ರಿಲ್ಲರ್ ಅಲ್ಲ. ಆದರೆ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ಹೇಗೆ ನೋಡುತ್ತಾರೆ, ಅವಳ ಪ್ರತಿ ಮಾತನ್ನೂ ಹೇಗೆ ತೂಗುತ್ತಾರೆ ಅನ್ನುವುದನ್ನು ಗಮನಿಸಿ. ಥ್ರಿಲ್ಲರ್‌ಗಳು ನಮ್ಮನ್ನು ಅನುಮಾನಿಸುವವರ ಜಾಗದಲ್ಲಿ ಕೂರಿಸುತ್ತವೆ. ಇಲ್ಲಿ ಅನುಮಾನಕ್ಕೆ ಒಳಗಾದವಳ ಜಾಗ ಸಿಗುತ್ತದೆ.

ಇಂಥ ಕಥೆಗಳು ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ ಹಿಡಿಸುವುದಿಲ್ಲ. ನಿದ್ದೆ ಕೆಟ್ಟಿದ್ದಾಗ, ಮನಸ್ಸು ಕುಗ್ಗಿದ್ದಾಗ ಬಿಟ್ಟುಬಿಡಿ. ನಡುವೆ ನಿಲ್ಲಿಸಿದರೂ ತಪ್ಪೇನಿಲ್ಲ.

9. ಎಲ್ಲಿಂದ ಶುರು ಮಾಡುವುದು

ಹೊಸಬರಿಗೆ ನಾನು ಹೇಳುವ ಸಾಲು ಇದು. ಮೊದಲು ಗೊತ್ತಿರುವ 'ಆಪ್ತಮಿತ್ರ'ವನ್ನೇ ಮತ್ತೆ ನೋಡಿ, ಅಭ್ಯಾಸಕ್ಕೆ. ಆಮೇಲೆ 'ಲೂಸಿಯಾ'. ಅದಾದ ಮೇಲೆ 'ರೆಬೆಕ್ಕಾ' ಓದಿ, ಸಿನಿಮಾ ನೋಡಿ. ಒಂದೇ ಘಟನೆಯನ್ನು ಬೇರೆ ಬೇರೆ ಜನ ಹೇಳುವ ಬಗೆ ಇಷ್ಟವಾದರೆ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014), ಅದರ ಜೊತೆ ಅಕಿರಾ ಕುರೊಸಾವಾ ಅವರ 'ರಶೋಮನ್' (1950). 'ರಿಪ್ಲಿ'ಯನ್ನು ಸ್ವಲ್ಪ ತಡವಾಗಿ, ಪೆನ್ಸಿಲ್ ಕೈಗೆ ಒಗ್ಗಿದ ಮೇಲೆ ಎತ್ತಿಕೊಳ್ಳಿ. ಅದನ್ನು ಓದಿದವರು 1960ರ ಫ್ರೆಂಚ್ ಸಿನಿಮಾ 'ಪರ್ಪಲ್ ನೂನ್' ನೋಡಬೇಕು. ಕಾದಂಬರಿಯಲ್ಲಿ ತಪ್ಪಿಸಿಕೊಂಡ ರಿಪ್ಲಿಯನ್ನು ಆ ಸಿನಿಮಾ ಕಾನೂನಿನ ಕೈಗೆ ಕೊಡುತ್ತದೆ. ಅದನ್ನು ನೋಡಿ ನಿಮಗೆ ಸಮಾಧಾನವಾಯಿತಾ, ಬೇಜಾರಾಯಿತಾ ಅಂತ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದಿಡಿ.